ದನಿಗಳು ನಿಂತ ಮೇಲೂ ಓದು ತಲೆಗೆ ಹತ್ತದೇಕೆ?

"ಕಿವಿಯಲ್ಲಿ ಯಾರೋ ಮಾತಾಡ್ತಾರೆ ಅನ್ನೋದು ನಿಂತಿದೆ ಡಾಕ್ಟರೇ. ಊಟ, ನಿದ್ದೆ ಪರವಾಗಿಲ್ಲ. ಆದ್ರೆ ಪುಸ್ತಕ ಹಿಡಿದು ಕೂತ್ರೆ ಅರ್ಧ ಗಂಟೆ ಆದ್ರೂ ಅದೇ ಪುಟ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಚೆನ್ನಾಗಿ ಓದ್ತಿದ್ದ!" ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆಯುತ್ತಿರುವ ಹದಿನೆಂಟು ಇಪ್ಪತ್ತರ ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ಮನೋವೈದ್ಯರ ಮುಂದೆ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ. ಕಾಯಿಲೆ ವಾಸಿಯಾಗುತ್ತಿದೆ, ಹುಡುಗ ಮಾತ್ರ ಮೊದಲಿನ ಹುಡುಗನಾಗಿಲ್ಲ. ಅಪ್ಪನಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಅಮ್ಮನಿಗೆ ಮಾತ್ರೆಯ ಮೇಲೆ ಅನುಮಾನ. ನೆಂಟರ ತೀರ್ಪು ಇನ್ನೂ ಸರಳ: ತಲೆ ಕೆಟ್ಟವನಿಗೆ ಓದು ಯಾಕೆ.

ಮೂರೂ ತಪ್ಪು. ಎರಡನೆಯದರಲ್ಲಿ ಮಾತ್ರ ಒಂದಿಷ್ಟು ನಿಜವಿದೆ, ಅದನ್ನು ಮುಂದೆ ನೋಡೋಣ.

ಸ್ಕಿಜೋಫ್ರೇನಿಯಾ ಎಂದರೆ ಇಲ್ಲದ ದನಿ ಕೇಳುವುದು, ಯಾರೋ ಬೆನ್ನು ಹತ್ತಿದ್ದಾರೆಂದು ನಂಬುವುದು ಎಂದಷ್ಟೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಸಿನಿಮಾಗಳು ತೋರಿಸುವುದೂ ಅದನ್ನೇ. ಆದರೆ ಈ ಕಾಯಿಲೆಗೆ ಇನ್ನೊಂದು ಮುಖವಿದೆ. ಗಮನ, ನೆನಪು, ಯೋಚನೆಯ ಚುರುಕು, ಯೋಜನೆ ಹಾಕುವ ಶಕ್ತಿ, ಎದುರಿನವರ ಮನಸ್ಸನ್ನು ಊಹಿಸುವ ಶಕ್ತಿ ಇವೆಲ್ಲ ಮಂದವಾಗುತ್ತವೆ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ 1890ರ ದಶಕದಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಅವರ ಕಣ್ಣಿಗೆ ಮೊದಲು ಬಿದ್ದದ್ದೂ ಇದೇ. ಎಳೆ ಪ್ರಾಯದಲ್ಲೇ ಬುದ್ಧಿ ಅಳಿಯುವ ರೋಗ ಎಂಬರ್ಥದ 'ಡಿಮೆನ್ಷಿಯಾ ಪ್ರೀಕಾಕ್ಸ್' ಎಂಬ ಹೆಸರು ಬಳಕೆಗೆ ಬಂದದ್ದು ಅವರಿಂದ. ಎಲ್ಲರ ಬುದ್ಧಿಯೂ ಅಳಿಯುವುದಿಲ್ಲ, ಹೆಸರು ಸರಿಯಿಲ್ಲ ಎಂದು ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಸ್ಕಿಜೋಫ್ರೇನಿಯಾ ಎಂಬ ಹೆಸರು ಮುಂದಿಟ್ಟರು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಮಾತ್ರೆ ಬಂತು, ದನಿಗಳು ಅಡಗತೊಡಗಿದವು. ವೈದ್ಯರ ಗಮನವೆಲ್ಲ ಆ ಕಡೆಗೆ ಹರಿಯಿತು. ಬುದ್ಧಿಶಕ್ತಿಯ ಮಾತು ಕೆಲವು ದಶಕ ಹಿಂದಿನ ಬೆಂಚಿನಲ್ಲಿ ಕೂತಿತ್ತು.

ಅದನ್ನು ಮುಂದಕ್ಕೆ ತಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಮೈಕೆಲ್ ಗ್ರೀನ್ 1996ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆ. ರೋಗಿ ಮತ್ತೆ ಕೆಲಸಕ್ಕೆ ಹೋಗುತ್ತಾನೋ, ಜನರೊಂದಿಗೆ ಬೆರೆಯುತ್ತಾನೋ, ತನ್ನ ಬದುಕನ್ನು ತಾನೇ ನಡೆಸುತ್ತಾನೋ ಎಂಬುದನ್ನು ಹೇಳಲು ದನಿ ಮತ್ತು ಭ್ರಮೆಗಳ ತೀವ್ರತೆಗಿಂತ ನೆನಪು, ಗಮನಗಳ ಸ್ಥಿತಿಯೇ ಹೆಚ್ಚು ನೆರವಾಗುತ್ತದೆ ಎಂದು ಅದು ತೋರಿಸಿತು. ದನಿ ಪೂರ್ತಿ ನಿಂತವನೂ ಮನೆಯಲ್ಲೇ ಕೂತಿರಬಹುದು, ಆಗೊಮ್ಮೆ ಈಗೊಮ್ಮೆ ದನಿ ಕೇಳುವವನೂ ದಿನಾ ಕೆಲಸಕ್ಕೆ ಹೋಗಿಬರಬಹುದು. ವ್ಯತ್ಯಾಸ ಇರುವುದು ಈ ನೆನಪು, ಗಮನಗಳಲ್ಲಿ.

ಎಲ್ಲಿ ಸಿಕ್ಕಿಕೊಳ್ಳುತ್ತದೆ

ಅಳೆಯುವುದು ಹೇಗೆಂದು ಹತ್ತಿರದಿಂದ ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ಒಂದು ಹಾಳೆ. ಮೇಲ್ಗಡೆ ಸಾಲಿನಲ್ಲಿ 1ರಿಂದ 9ರವರೆಗಿನ ಅಂಕಿಗಳು, ಒಂದೊಂದರ ಕೆಳಗೂ ಒಂದೊಂದು ಗುರುತು: ಒಂದಕ್ಕೆ ಅಡ್ಡಗೆರೆ, ಇನ್ನೊಂದಕ್ಕೆ ಕೊಕ್ಕೆ, ಮತ್ತೊಂದಕ್ಕೆ ಸೊನ್ನೆ. ಕೆಳಗೆ ಅಂಕಿಗಳು ಅಡ್ಡಾದಿಡ್ಡಿ ಕ್ರಮದಲ್ಲಿ ಸಾಲುಸಾಲಾಗಿ ಬರುತ್ತವೆ, ಪ್ರತಿಯೊಂದರ ಜೊತೆಗೂ ಖಾಲಿ ಮನೆ. ಆಯಾ ಅಂಕಿಯ ಗುರುತನ್ನು ಆ ಮನೆಯಲ್ಲಿ ಬರೆಯುತ್ತಾ ಹೋಗಬೇಕು. ಒಂದೂವರೆ ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು. ಮೂರನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಆಟ ಇದು. ಆದರೆ ಸ್ಕಿಜೋಫ್ರೇನಿಯಾ ಇರುವವರು ಆರೋಗ್ಯವಂತರಿಗಿಂತ ಅತಿ ಹೆಚ್ಚು ಹಿಂದೆ ಬೀಳುವುದು ಇಂಥ ಪರೀಕ್ಷೆಯಲ್ಲೇ. ತಪ್ಪಿಗಿಂತ ನಿಧಾನವೇ ಹೆಚ್ಚು. ಕಣ್ಣು ಮೇಲಿನ ಸಾಲಿಗೆ ಹೋಗಬೇಕು, ಗುರುತನ್ನು ಮನಸ್ಸಿನಲ್ಲಿ ಹಿಡಿಯಬೇಕು, ಕೆಳಗೆ ಬಂದು ಬರೆಯಬೇಕು. ಈ ಓಡಾಟದ ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಹೊತ್ತು ಸೋರಿಹೋಗುತ್ತದೆ.

ಈಗ ಇದನ್ನು ತರಗತಿಗೆ ಒಯ್ಯಿರಿ. ಲೆಕ್ಚರರ್ ಬೋರ್ಡಿನ ಮೇಲೆ ಬರೆಯುತ್ತಾ ಮಾತಾಡುತ್ತಿದ್ದಾರೆ. ಕೇಳಬೇಕು, ನೋಡಬೇಕು, ಮುಖ್ಯವಾದದ್ದನ್ನು ಆರಿಸಬೇಕು, ಬರೆದುಕೊಳ್ಳಬೇಕು. ಹುಡುಗ ಮೊದಲ ಸಾಲು ಬರೆದು ತಲೆಯೆತ್ತುವ ಹೊತ್ತಿಗೆ ಮೂರನೇ ಸಾಲು ಅಳಿಸಿಯಾಗಿದೆ. ದಿನಕ್ಕೆ ಐದು ಗಂಟೆ ಹೀಗೆ ಕೂತವನು ಎರಡನೇ ವಾರ ಕಾಲೇಜಿಗೆ ಹೋಗಲ್ಲ ಅಂದರೆ ಅದು ಹಟವಲ್ಲ.

ಇನ್ನೊಂದು ಪರೀಕ್ಷೆಯಲ್ಲಿ ಹದಿನೈದು ಪದಗಳನ್ನು ಓದಿ ಹೇಳುತ್ತಾರೆ, ನೆನಪಿದ್ದಷ್ಟನ್ನು ಒಪ್ಪಿಸಬೇಕು. ಅದೇ ಪಟ್ಟಿಯನ್ನು ಐದು ಸಲ ಓದುತ್ತಾರೆ. ಹೆಚ್ಚಿನವರಿಗೆ ಸಲದಿಂದ ಸಲಕ್ಕೆ ಪದಗಳು ಏರುತ್ತವೆ, ಹಣ್ಣುಗಳು ಒಂದು ಕಡೆ, ಪ್ರಾಣಿಗಳು ಒಂದು ಕಡೆ ಎಂದು ಮನಸ್ಸು ತಾನೇ ಗುಂಪು ಮಾಡಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಆ ಏರಿಕೆ ಚಪ್ಪಟೆಯಾಗಿರುತ್ತದೆ, ಗುಂಪು ಮಾಡುವ ಕೆಲಸ ತಾನಾಗಿ ನಡೆಯುವುದಿಲ್ಲ. ಮುಖ್ಯವಾದ ಸಂಗತಿಯೆಂದರೆ, ಹೀಗೆ ಗುಂಪು ಮಾಡಿಕೋ ಎಂದು ಯಾರಾದರೂ ಹೇಳಿಕೊಟ್ಟರೆ ಅನೇಕರ ನೆನಪು ಸುಧಾರಿಸುತ್ತದೆ. ಕಲಿಸಿಕೊಟ್ಟರೆ ಕೈಹಿಡಿಯುವಂಥದ್ದು ಇದು ಎಂಬುದನ್ನು ನೆನಪಿಡಿ, ಚಿಕಿತ್ಸೆಯ ಮಾತು ಬಂದಾಗ ಬೇಕಾಗುತ್ತದೆ.

ಮನೆಯಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. "ಅಂಗಡಿಗೆ ಹೋಗಿ ಹಾಲು, ಕೊತ್ತಂಬರಿ ತಗೊಂಡು, ಬರ್ತಾ ಇಸ್ತ್ರಿ ಬಟ್ಟೆ ಇಸ್ಕೊಂಡು ಬಾ" ಎಂದರೆ ಹಾಲು ಮಾತ್ರ ಬರುತ್ತದೆ. "ಏನೋ, ಮೂರು ಹೇಳಿದ್ರೆ ಒಂದು ತಂದಿದ್ದೀಯಲ್ಲೋ!" ದಾರಿಯಲ್ಲಿ ಆಟೋ ಹಾರ್ನ್ ಹೊಡೆಯಿತು, ಅಂಗಡಿಯವ ಏನೋ ಕೇಳಿದ, ಅಷ್ಟರಲ್ಲಿ ಉಳಿದೆರಡು ಜಾರಿಹೋದವು. ಕೈಯಲ್ಲಿರುವ ಕೆಲಸಕ್ಕೆ ಬೇಕಾದ್ದನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಈ ಶಕ್ತಿಗೆ ಕಾರ್ಯನಿರತ ಸ್ಮೃತಿ ಎನ್ನುತ್ತಾರೆ. ಹಳೆ ಹಾಡು, ಕಲಿತ ಭಾಷೆ ಇವೆಲ್ಲ ಹೆಚ್ಚಾಗಿ ಭದ್ರವಾಗಿರುತ್ತವೆ. ಅದಕ್ಕೇ ಮನೆಯವರಿಗೆ ಗೊಂದಲ: ಐದನೇ ಕ್ಲಾಸಿನ ಪದ್ಯ ಪೂರ್ತಿ ಹೇಳ್ತಾನೆ, ಈಗಷ್ಟೇ ಹೇಳಿದ್ದು ಮರೀತಾನೆ, ನಾಟಕ ಆಡ್ತಿದ್ದಾನಾ?

ಇನ್ನೂ ಸೂಕ್ಷ್ಮವಾದದ್ದು ಸಾಮಾಜಿಕ ಅರಿವು. ಎದುರಿನವರ ಮುಖದಲ್ಲಿ ಬೇಸರವಿದೆಯೋ ಕೋಪವಿದೆಯೋ, ಗೆಳೆಯ ಹೇಳಿದ್ದು ತಮಾಷೆಯೋ ಚುಚ್ಚುಮಾತೋ, ಎಲ್ಲಿ ಯಾವ ಮಾತು ಬಾಯಿ ತಪ್ಪಿ ಬಂತು ಎಂಬುದನ್ನು ಗ್ರಹಿಸುವ ಶಕ್ತಿ. ಇದನ್ನು ಅಳೆಯಲು ಬಳಸುವ ವಿದೇಶದ ಪರೀಕ್ಷೆಯ ಕಥೆಗಳು ಇಲ್ಲಿನವರಿಗೆ ಹೊಂದುವುದಿಲ್ಲವೆಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಮ್ಮ ಸಂಸ್ಕೃತಿಗೆ ತಕ್ಕ ಪರೀಕ್ಷೆಯನ್ನೇ ರೂಪಿಸಿದ್ದಾರೆ. ಹಾಗೇ ಆಗಬೇಕು. ಮದುವೆಮನೆಯಲ್ಲಿ ಯಾವ ಮಾತು ಆಡಬಾರದು ಎಂಬುದು ಲಂಡನ್ನಿನಲ್ಲೂ ಲಿಂಗಸೂಗೂರಿನಲ್ಲೂ ಒಂದೇ ಅಲ್ಲವಲ್ಲ.

ಎಲ್ಲರಿಗೂ ಇದೆಲ್ಲ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಸುಮಾರು ಕಾಲುಭಾಗದಷ್ಟು ಮಂದಿಯ ಪರೀಕ್ಷೆಯ ಅಂಕಗಳು ಸಾಮಾನ್ಯ ಮಿತಿಯೊಳಗೇ ಬರುತ್ತವೆ. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಎಲಿನ್ ಸ್ಯಾಕ್ಸ್ ಈ ಕಾಯಿಲೆಯೊಂದಿಗೇ ಆಕ್ಸ್‌ಫರ್ಡ್, ಯೇಲ್‌ಗಳಲ್ಲಿ ಓದಿದವರು. ಒಟ್ಟಾರೆ ಗುಂಪಿನ ಸರಾಸರಿ ಮಾತ್ರ ಓರಗೆಯವರಿಗಿಂತ ಗಣನೀಯವಾಗಿ ಕೆಳಗಿರುತ್ತದೆ.

ಕುಸಿತವೋ, ಬೆಳವಣಿಗೆ ಹಿಂದುಳಿದದ್ದೋ

ಇಲ್ಲಿಗೆ ಲೇಖನದ ತಿರುಳಿಗೆ ಬಂದೆವು. ಬುದ್ಧಿಶಕ್ತಿ ಕಾಯಿಲೆಯಿಂದ ಹಾಳಾಯಿತೋ, ಅಥವಾ ಮೊದಲೇ ಬೆಳೆಯುವುದರಲ್ಲಿ ಹಿಂದೆ ಬಿದ್ದಿತ್ತೋ? ಕಾಯಿಲೆ ಬಂದ ಮೇಲೆ ಪರೀಕ್ಷೆ ಮಾಡಿದರೆ ಉತ್ತರ ಸಿಗದು. ಕಾಯಿಲೆ ಬರುವುದಕ್ಕೆ ಮೊದಲೇ, ಮಗುವಾಗಿದ್ದಾಗಲೇ ಅಳೆದಿರಬೇಕು. ಯಾವ ಮಗುವಿಗೆ ಮುಂದೆ ಕಾಯಿಲೆ ಬರುತ್ತದೆಂದು ಗೊತ್ತಿಲ್ಲದ್ದರಿಂದ ಊರಿನ ಮಕ್ಕಳನ್ನೆಲ್ಲ ಅಳೆಯಬೇಕು, ಆಮೇಲೆ ದಶಕಗಟ್ಟಲೆ ಕಾಯಬೇಕು.

ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ ಇದನ್ನೇ ಮಾಡಿದರು. 1972-73ರಲ್ಲಿ ಅಲ್ಲಿ ಹುಟ್ಟಿದ 1,037 ಮಕ್ಕಳನ್ನು ಹಿಡಿದು ಇಂದಿಗೂ ಅವರ ಬೆನ್ನು ಬಿಟ್ಟಿಲ್ಲ. 7, 9, 11, 13ನೇ ವಯಸ್ಸಿನಲ್ಲಿ ಬುದ್ಧಿಶಕ್ತಿ ಪರೀಕ್ಷೆ ಮಾಡಿಟ್ಟುಕೊಂಡಿದ್ದರು. ಅವರಲ್ಲಿ ಮೂವತ್ತು ಚಿಲ್ಲರೆ ಮಂದಿಗೆ ದೊಡ್ಡವರಾದ ಮೇಲೆ ಸ್ಕಿಜೋಫ್ರೇನಿಯಾ ಬಂತು. ಹಳೆ ಅಂಕಗಳನ್ನು ತೆಗೆದು ನೋಡಿದ ಅಬ್ರಹಾಂ ರೈಕನ್‌ಬರ್ಗ್ ಮತ್ತು ಸಂಗಡಿಗರು 2010ರಲ್ಲಿ ಬರೆದ ವರದಿ ಎರಡು ಬೇರೆಬೇರೆ ಕಥೆ ಹೇಳುತ್ತದೆ. ಪದಗಳ ಅರ್ಥ, ತರ್ಕ, ಹೋಲಿಕೆ ಕಂಡುಹಿಡಿಯುವುದು ಇಂಥವುಗಳಲ್ಲಿ ಆ ಮಕ್ಕಳು ಏಳನೇ ವಯಸ್ಸಿನಲ್ಲೇ ಸ್ವಲ್ಪ ಹಿಂದಿದ್ದರು, ಆ ಅಂತರ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಆದರೆ ಚುರುಕು, ಗಮನ, ಕಾರ್ಯನಿರತ ಸ್ಮೃತಿ ಇವುಗಳಲ್ಲಿ ಅವರ ಬೆಳವಣಿಗೆಯ ವೇಗವೇ ಕಡಿಮೆ. ವರ್ಷ ಕಳೆದಂತೆ ಅಂತರ ಅಗಲವಾಗುತ್ತಾ ಹೋಯಿತು. ಮುಂದೆ ಮರುಕಳಿಸುವ ಖಿನ್ನತೆಗೆ ಒಳಗಾದ ಮಕ್ಕಳಲ್ಲಿ ಈ ಎರಡೂ ಕಾಣಲಿಲ್ಲ.

ಏಳನೇ ವಯಸ್ಸಿನಲ್ಲಿ ಆ ಮಕ್ಕಳು ಯಾವ ಮನೋರೋಗದ ಮಾತ್ರೆಯನ್ನೂ ನುಂಗಿರಲಿಲ್ಲ. ಎಲ್ಲವೂ ಮಾತ್ರೆಯ ದೆಸೆಯಿಂದ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಹಿಂದುಳಿಯುವುದಕ್ಕೂ ಕುಸಿಯುವುದಕ್ಕೂ ವ್ಯತ್ಯಾಸವೇನು? ಒಂದು ಲೆಕ್ಕ ಮಾಡಿ ನೋಡಿ, ಅಂಕಿಗಳು ಉದಾಹರಣೆಗೆ ಮಾತ್ರ. ಗುರುತು ಬರೆಯುವ ಪರೀಕ್ಷೆಯಲ್ಲಿ ಎಂಟು ವರ್ಷದ ಹುಡುಗನೊಬ್ಬ 28 ಮನೆ ತುಂಬಿದ, ಓರಗೆಯವರ ಸರಾಸರಿ 30. ಹದಿಮೂರಕ್ಕೆ ಬಂದಾಗ ಅವನು 40 ತುಂಬಿದ, ಓರಗೆಯವರು 48. ಹುಡುಗ ಹಿಂದಕ್ಕೆ ಹೋಗಲಿಲ್ಲ, ಮೊದಲಿಗಿಂತ 12 ಹೆಚ್ಚು ತುಂಬಿದ. ಆದರೆ ಅಂತರ 2 ಇದ್ದದ್ದು 8 ಆಯಿತು. ಐಕ್ಯೂ ಎಂಬುದು ಅದೇ ವಯಸ್ಸಿನವರೊಂದಿಗಿನ ಹೋಲಿಕೆ, ಹೀಗಾಗಿ ವರದಿಯಲ್ಲಿ ಅವನ ಐಕ್ಯೂ ಇಳಿದಿರುತ್ತದೆ. ಅಪ್ಪ ಅಮ್ಮ ಆ ಹಾಳೆ ನೋಡಿ ಮಗನ ಮಿದುಳು ಕರಗುತ್ತಿದೆ ಎಂದು ತಿಳಿಯುತ್ತಾರೆ. ವರದಿ ಕೈಗೆ ಕೊಡುವವರು ಇಷ್ಟನ್ನು ಬಿಡಿಸಿ ಹೇಳಿದರೆ ಎಷ್ಟೋ ಮನೆಗಳಲ್ಲಿ ಅಳು ತಪ್ಪೀತು.

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಹುಟ್ಟಿದ ಮಕ್ಕಳನ್ನು ಒಂದೂವರೆ ವರ್ಷದಿಂದ ಇಪ್ಪತ್ತರವರೆಗೆ ಹಿಂಬಾಲಿಸಿದ ಅಧ್ಯಯನದಲ್ಲೂ, ಮುಂದೆ ಸೈಕೋಸಿಸ್ ಎಂಬ ದನಿ, ಭ್ರಮೆಗಳ ಕಾಯಿಲೆಗೆ ಒಳಗಾದವರ ಅಂತರ ಹೀಗೆಯೇ ಚಿಕ್ಕಂದಿನಿಂದ ಹಿಗ್ಗುತ್ತಾ ಬಂದದ್ದು ಕಂಡಿದೆ. ಹಾಗೆಂದು ನಿಜವಾದ ಇಳಿಕೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಕಾಯಿಲೆ ಕಾಣಿಸಿಕೊಳ್ಳುವ ಆಸುಪಾಸಿನ ಒಂದೆರಡು ವರ್ಷ ಕೆಲವರ ಅಂಕ ಕಡಿದಾಗಿಯೇ ಇಳಿಯುತ್ತದೆ. ಹದಿಮೂರಕ್ಕೂ ಮೊದಲೇ ಈ ಕಾಯಿಲೆ ಬರುವುದು ತೀರಾ ಅಪರೂಪ. ಅಂಥ ಮಕ್ಕಳನ್ನು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜುಡಿತ್ ರ‍್ಯಾಪಪೋರ್ಟ್ ಅವರ ತಂಡ 1990ರಿಂದ ದೀರ್ಘಕಾಲ ಗಮನಿಸಿತು. ಕಾಯಿಲೆಯ ಆರಂಭದಲ್ಲಿ ಇಳಿದ ಐಕ್ಯೂ ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತ್ತು. ಅತಿ ತೀವ್ರ ರೂಪದಲ್ಲೂ ಹೀಗೆ. ಬೇರೆ ಕೆಲವು ಅಧ್ಯಯನಗಳಲ್ಲಿ ಹತ್ತು ವರ್ಷದಲ್ಲಿ ನೆನಪು ಇನ್ನಷ್ಟು ತಗ್ಗಿದ್ದೂ ಇದೆ. ಆದರೂ ಮುದಿವಯಸ್ಸಿನ ಮರೆವಿನ ಕಾಯಿಲೆಯ ಹಾಗೆ ಒಂದೇ ಸಮನೆ ಇಳಿಜಾರಿನಲ್ಲಿ ಹೋಗುವ ರೋಗ ಇದಲ್ಲ ಎಂಬುದರಲ್ಲಿ ಅನುಮಾನ ಬೇಡ.

ಇದಕ್ಕೆ ಸೇರಿಕೊಳ್ಳುವ ಇನ್ನೊಂದು ನಷ್ಟ ಯಾವ ಪರೀಕ್ಷೆಯ ಹಾಳೆಯಲ್ಲೂ ಬರುವುದಿಲ್ಲ. ಹುಡುಗರಲ್ಲಿ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿನೆಂಟರಿಂದ ಇಪ್ಪತ್ತೈದರ ನಡುವೆ, ಹುಡುಗಿಯರಲ್ಲಿ ಕೆಲವು ವರ್ಷ ತಡವಾಗಿ. ಬಸ್ಸು ಬದಲಾಯಿಸಿ ಒಬ್ಬನೇ ಬೇರೆ ಊರಿಗೆ ಹೋಗುವುದು, ಹಾಸ್ಟೆಲ್‌ನಲ್ಲಿ ಜಗಳವಾಡಿ ರಾಜಿಯಾಗುವುದು, ತಿಂಗಳ ದುಡ್ಡನ್ನು ತಿಂಗಳಿಗೆ ಹೊಂದಿಸುವುದು, ಇಂಟರ್‌ವ್ಯೂನಲ್ಲಿ ತಡವರಿಸಿ ಮುಂದಿನ ಸಲ ಸುಧಾರಿಸಿಕೊಳ್ಳುವುದು ಇವೆಲ್ಲ ಮಿದುಳಿಗೆ ಆಗುವ ತರಬೇತಿಯೇ. ಆ ವರ್ಷಗಳು ಮುಚ್ಚಿದ ಕೋಣೆಯಲ್ಲಿ ಕಳೆದರೆ ಇಪ್ಪತ್ತೈದರ ಹೊತ್ತಿಗೆ ಎದುರಾಗುವುದು ಕಾಯಿಲೆ ತಂದ ಕೊರತೆ ಮಾತ್ರವಲ್ಲ, ಕಲಿಯಲು ಸಿಗದೇ ಹೋದದ್ದರ ಕೊರತೆ ಕೂಡ. ಬೇಗ ಚಿಕಿತ್ಸೆ ಶುರುಮಾಡಿ ಎಂದು ವೈದ್ಯರು ಹೇಳುವುದರ ಹಿಂದೆ ಈ ಲೆಕ್ಕವೂ ಇದೆ.

ಒಂದು ಎಚ್ಚರಿಕೆ. ಮಗ ಲೆಕ್ಕದಲ್ಲಿ ಹಿಂದೆ ಎಂದಾಕ್ಷಣ ಇದನ್ನು ಓದಿ ಗಾಬರಿಯಾಗಬೇಡಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸ್ಕಿಜೋಫ್ರೇನಿಯಾ ಮತ್ತು ಅದರ ಬಳಗದ ಕಾಯಿಲೆಗಳು ಬದುಕಿನಲ್ಲಿ ಎಂದಾದರೂ ಬಂದವರು ಶೇ 1.4ರಷ್ಟು. ನಿಧಾನವಾಗಿ ಕಲಿಯುವ ಮಕ್ಕಳು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಅವರಲ್ಲಿ ಬಹುಪಾಲು ಮಂದಿಗೆ ಈ ಕಾಯಿಲೆ ಬರುವುದೇ ಇಲ್ಲ. ಡನೀಡಿನ್‌ನ ಅಂತರ ಗುಂಪಿನ ಸರಾಸರಿಯಲ್ಲಿ ಕಂಡದ್ದು, ಒಂದು ಮಗುವಿನ ಭವಿಷ್ಯ ಹೇಳಲು ಅದು ಬಾರದು.

ಮಿದುಳಿನ ಒಳಗೆ

ಹುಟ್ಟಿದ ಮಗುವಿನ ಮಿದುಳಿನಲ್ಲಿ ಮೊದಲ ಕೆಲವು ವರ್ಷ ನರಕೋಶಗಳ ನಡುವಿನ ಸಂಪರ್ಕಗಳು ಬೇಕಾದ್ದಕ್ಕಿಂತ ಹೆಚ್ಚು ಬೆಳೆಯುತ್ತವೆ. ಶಿಕಾಗೋದ ಪೀಟರ್ ಹಟನ್‌ಲಾಕರ್ 1979ರಲ್ಲಿ ಬೇರೆಬೇರೆ ವಯಸ್ಸಿನಲ್ಲಿ ತೀರಿಕೊಂಡವರ ಮಿದುಳಿನ ಮುಂಭಾಗದಲ್ಲಿ ಈ ಸಂಪರ್ಕಗಳನ್ನು ಎಣಿಸಿ, ಬಾಲ್ಯದಲ್ಲಿ ಏರಿ ಹರೆಯದ ಹೊತ್ತಿಗೆ ಇಳಿಯುತ್ತವೆಂದು ತೋರಿಸಿದರು. ಕಾಫಿ ತೋಟದಲ್ಲಿ ಬೇಡದ ರೆಂಬೆ ಸವರಿದ ಮೇಲೆ ಗಿಡದ ಕಸುವು ಫಸಲಿನ ಕಡೆ ಹರಿಯುವ ಹಾಗೆ, ಬಳಕೆಯಿಲ್ಲದ ಸಂಪರ್ಕ ಕಡಿದುಹೋದ ಮೇಲೆ ಉಳಿದವು ಚುರುಕಾಗುತ್ತವೆ. ಈ ಸವರುವಿಕೆ ಅತಿಯಾದರೆ? 1982ರಲ್ಲಿ ಇರ್ವಿನ್ ಫೈನ್‌ಬರ್ಗ್ ಕೇಳಿದ ಪ್ರಶ್ನೆ ಅದು. ಕಾಯಿಲೆ ಹರೆಯದ ಕೊನೆಯಲ್ಲೇ ಕಾಣಿಸಿಕೊಳ್ಳುವುದಕ್ಕೆ ಅದೊಂದು ಉತ್ತರವಾಗಬಹುದು ಎಂದರು.

ಆ ಊಹೆಗೆ ಗಟ್ಟಿ ಆಧಾರ ಸಿಗಲು ಮೂವತ್ತು ವರ್ಷ ದಾಟಬೇಕಾಯಿತು. ಸಿ4 ಎಂಬ ವಂಶವಾಹಿಯ ಕೆಲವು ರೂಪಗಳು ಸ್ಕಿಜೋಫ್ರೇನಿಯಾದ ಅಪಾಯವನ್ನು ಹೆಚ್ಚಿಸುತ್ತವೆ ಎಂದು 2016ರಲ್ಲಿ ಸ್ಟೀವನ್ ಮೆಕ್ಯಾರೊಲ್, ಬೆತ್ ಸ್ಟೀವನ್ಸ್ ಮತ್ತು ಸಂಗಡಿಗರು ತೋರಿಸಿದರು. ರೋಗಾಣುಗಳ ವಿರುದ್ಧ ಹೋರಾಡುವ ರಕ್ಷಣಾ ವ್ಯವಸ್ಥೆಗೆ ಸೇರಿದ ವಂಶವಾಹಿ ಇದು. ಮಿದುಳಿನಲ್ಲಿ ಅದಕ್ಕೆ ಬೇರೆ ಕೆಲಸ: ಯಾವ ಸಂಪರ್ಕ ಕಡಿಯಬೇಕೆಂದು ಗುರುತು ಹಾಕುವುದು. ಹಾಗೆಂದು ಸಿ4 ಒಂದೇ ಕಾರಣವಲ್ಲ. ಅಪಾಯಕ್ಕೆ ಒಂದಿಷ್ಟು ಪಾಲು ಸೇರಿಸುವ ವಂಶವಾಹಿ ತಾಣಗಳು ನೂರಾರಿವೆ. ಹೆರಿಗೆಯ ತೊಂದರೆ, ಎಳೆಯ ವಯಸ್ಸಿನ ಗಾಂಜಾ ಸೇವನೆಯಂಥವೂ ಸೇರಿಕೊಳ್ಳುತ್ತವೆ.

ಮಿದುಳಿನ ಭಾಗಗಳಲ್ಲಿ ತೀರಾ ತಡವಾಗಿ ಮಾಗುವುದು ಹಣೆಯ ಹಿಂದಿನ ಮುಂಭಾಗ, ಇಪ್ಪತ್ತು ದಾಟಿದ ಮೇಲೂ ಅದರ ಕೆಲಸ ಮುಗಿದಿರುವುದಿಲ್ಲ. ಕಾರ್ಯನಿರತ ಸ್ಮೃತಿ, ಯೋಜನೆ, ಗಮನ ಇವೆಲ್ಲ ಹೆಚ್ಚಾಗಿ ಅದರ ಉಸ್ತುವಾರಿಯಲ್ಲಿ. ಮಾತ್ರೆಗಳ ಮಿತಿ ಅರ್ಥವಾಗುವುದೂ ಇಲ್ಲಿಯೇ. ಈಗ ಬಳಕೆಯಲ್ಲಿರುವ ಬಹುಪಾಲು ಮಾತ್ರೆಗಳು ಡೋಪಮೀನ್ ಎಂಬ ರಾಸಾಯನಿಕದ ಅಬ್ಬರವನ್ನು ತಗ್ಗಿಸುತ್ತವೆ. ಅಬ್ಬರ ಇರುವುದು ಮಿದುಳಿನ ಒಳಭಾಗದಲ್ಲಿ. ಮುಂಭಾಗದಲ್ಲಿ ಡೋಪಮೀನ್ ಕಡಿಮೆಯಾಗಿರುತ್ತದೆ ಎಂಬುದು ವಿಜ್ಞಾನಿಗಳ ಎಣಿಕೆ. ಹಾಗಾಗಿ ಮಾತ್ರೆ ದನಿಯನ್ನು ಅಡಗಿಸುತ್ತದೆ, ನೆನಪನ್ನು ಎತ್ತಿ ನಿಲ್ಲಿಸುವುದಿಲ್ಲ. ನೆನಪಿಗೆಂದೇ ಸಿದ್ಧಪಡಿಸಿದ ಔಷಧಗಳು ಒಂದರ ಹಿಂದೊಂದು ಸೋತಿವೆ. ಬಹಳ ನಿರೀಕ್ಷೆ ಹುಟ್ಟಿಸಿದ್ದ ಐಕ್ಲೆಪರ್ಟಿನ್ ಕೂಡ ಕೊನೆಯ ಹಂತದ ಪರೀಕ್ಷೆಯಲ್ಲಿ ಗುರಿ ಮುಟ್ಟಲಿಲ್ಲವೆಂದು 2025ರ ಜನವರಿಯಲ್ಲಿ ಅದರ ತಯಾರಕರೇ ಹೇಳಿದರು. ಜಾಹೀರಾತಿನ ಮೆಮೊರಿ ಟಾನಿಕ್‌ಗಳಿಗೆ ದುಡ್ಡು ಸುರಿಯುವ ಮುನ್ನ ಇದು ನೆನಪಿರಲಿ.

ಏನು ಮಾಡಬಹುದು

ಮೊದಲು ಮಾತ್ರೆಯ ಚೀಟಿ. ಅಮ್ಮನ ಅನುಮಾನದಲ್ಲಿ ಒಂದಿಷ್ಟು ನಿಜವಿದೆ ಎಂದೆನಲ್ಲ, ಅದು ಇದು. ಸ್ಕಿಜೋಫ್ರೇನಿಯಾದ ಮಾತ್ರೆಯಿಂದ ಕೈನಡುಕ, ಮೈಬಿಗಿತ ಬಂದರೆ ಅದನ್ನು ತಗ್ಗಿಸಲು ಟ್ರೈಹೆಕ್ಸಿಫೆನಿಡಿಲ್ ಎಂಬ ಇನ್ನೊಂದು ಮಾತ್ರೆ ಕೊಡುತ್ತಾರೆ. ನಮ್ಮಲ್ಲಿ ಅದರ ಬಳಕೆ ಬಹಳ. ನೆನಪಿಗೆ ಬೇಕಾದ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ಅದು ಅಡ್ಡಬರುತ್ತದೆ. ಬೇಕಾದಷ್ಟು ದಿನ ಕೊಟ್ಟರೆ ಸರಿ, ಆದರೆ ಶುರುವಾದದ್ದು ಯಾರೂ ಕೇಳದೆ ವರ್ಷಗಟ್ಟಲೆ ಚೀಟಿಯಿಂದ ಚೀಟಿಗೆ ದಾಟುತ್ತಾ ಬರುವುದಿದೆ. ಮುಂದಿನ ಸಲ ಹೋದಾಗ "ಡಾಕ್ಟರೇ, ಇದು ಈಗಲೂ ಬೇಕಾ?" ಎಂದು ಕೇಳುವುದರಲ್ಲಿ ಮುಜುಗರ ಬೇಡ. ಬೆಳಗಿನ ಮಂಪರಿಗೆ ಡೋಸ್ ಅಥವಾ ಹೊತ್ತು ಬದಲಾಯಿಸಬಹುದೇ ಎಂದೂ ಕೇಳಿ. ಆದರೆ ಮುಖ್ಯ ಮಾತ್ರೆಯನ್ನು ನೀವೇ ನಿಲ್ಲಿಸುವ ಮಾತೇ ಬೇಡ. ಕಾಯಿಲೆ ಮರುಕಳಿಸಿದರೆ ಓದಿನ ಮಾತು ಇನ್ನೊಂದು ವರ್ಷ ಹಿಂದಕ್ಕೆ.

ಆಮೇಲೆ ಪರೀಕ್ಷೆ. ಕಾಯಿಲೆಯ ಬಿಸಿ ಆರಿದ ಮೇಲೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಂದ ಮಾಡಿಸಬೇಕು. ಕೇವಲ ಐಕ್ಯೂ ಸಂಖ್ಯೆಯಿಂದ ಪ್ರಯೋಜನ ಕಡಿಮೆ. ಚುರುಕು, ಗಮನ, ನೆನಪು, ಯೋಜನೆ ಬಿಡಿಬಿಡಿಯಾಗಿ ಎಷ್ಟಿದೆಯೆಂದು ತಿಳಿಯಬೇಕು. ನಿಮ್ಹಾನ್ಸ್‌ನ ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಹೊರತಂದ ಪರೀಕ್ಷಾ ಸರಣಿಯಲ್ಲಿ ವಯಸ್ಸು, ಲಿಂಗ, ಓದಿಗೆ ತಕ್ಕಂತೆ ಇಲ್ಲಿನ ಜನರ ಅಳತೆಗೋಲೇ ಇದೆ. ಏಳನೇ ಕ್ಲಾಸು ಓದಿದ ರೈತನ ಮಗಳನ್ನು ಅಮೆರಿಕದ ಪದವೀಧರೆಗೆ ಹೋಲಿಸಿ ಬುದ್ಧಿ ಮಂದ ಎಂದು ಬರೆಯುವ ಅನ್ಯಾಯ ಇದರಿಂದ ತಪ್ಪುತ್ತದೆ.

ತರಬೇತಿ ಮೂರನೆಯದು, ನನ್ನ ಎಣಿಕೆಯಲ್ಲಿ ಅತಿ ಮುಖ್ಯವಾದದ್ದು. ಗಮನ, ನೆನಪುಗಳನ್ನು ಅಭ್ಯಾಸದಿಂದ ಚುರುಕುಗೊಳಿಸುವ ಕ್ರಮವಿದು. ಲಂಡನ್ನಿನ ಟಿಲ್ ವೈಕ್ಸ್, ನ್ಯೂಯಾರ್ಕಿನ ಆಲಿಸ್ ಮೆಡಾಲಿಯಾ ಇದನ್ನು ಬೆಳೆಸಿದವರಲ್ಲಿ ಪ್ರಮುಖರು. 2021ರಲ್ಲಿ 130 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಲಾಭ ಇರುವುದು ಖಚಿತವಾಯಿತು, ಆದರೆ ಅದು ಸಾಧಾರಣ ಪ್ರಮಾಣದ್ದು. ಪವಾಡ ನಿರೀಕ್ಷಿಸುವಂತಿಲ್ಲ. ಬರೀ ಕಂಪ್ಯೂಟರ್ ಮುಂದೆ ಕೂರಿಸಿದರೆ ಸಿಗುವ ಲಾಭ ಕಡಿಮೆ. ತರಬೇತುದಾರರು ಪಕ್ಕದಲ್ಲಿದ್ದು, ಪಟ್ಟಿಯನ್ನು ಗುಂಪು ಮಾಡುವ, ಹೆಜ್ಜೆಗಳನ್ನು ಬಾಯಲ್ಲಿ ಹೇಳಿಕೊಂಡು ಕೆಲಸ ಮಾಡುವ ಉಪಾಯ ಕಲಿಸಿ, ಅದನ್ನು ದಿನನಿತ್ಯದ ಕೆಲಸಕ್ಕೆ ಜೋಡಿಸಿದಾಗ ಹೆಚ್ಚು.

ಇದಕ್ಕೆ ದುಬಾರಿ ಯಂತ್ರವೂ ಬೇಕಿಲ್ಲ. ಕಾಯಿಲೆ ಹೊಸದಾಗಿ ಕಾಣಿಸಿಕೊಂಡವರಿಗೆ ಮನೆಯಲ್ಲೇ ಮಾಡುವ ಎರಡು ತಿಂಗಳ ತರಬೇತಿಯನ್ನು ನಿಮ್ಹಾನ್ಸ್‌ನ ಶಾಂತಲಾ ಹೆಗಡೆ ಮತ್ತು ಸಂಗಡಿಗರು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಇಂಥ ತರಬೇತಿಯಲ್ಲಿ ನಮ್ಮ ಮನೆಗಳಿಗೆ ಸಹಜವಾದ ಕೆಲಸವೊಂದು ಬರುತ್ತದೆ: ಕಾಳು ಬೇರ್ಪಡಿಸುವುದು. ತಟ್ಟೆಯಲ್ಲಿ ಹೆಸರುಕಾಳು, ಕಡಲೆ, ಅಲಸಂದೆ ಬೆರೆಸಿಟ್ಟು ಮೂರು ಬಟ್ಟಲಿಗೆ ಹಾಕಿಸುತ್ತಾರೆ. ಎಷ್ಟು ನಿಮಿಷ, ಎಷ್ಟು ತಪ್ಪು ಎಂದು ಬರೆದಿಡುತ್ತಾರೆ. ಕೈ ಪಳಗಿದ ಮೇಲೆ ಇನ್ನೆರಡು ಬಗೆಯ ಕಾಳು ಸೇರುತ್ತದೆ, ಇಲ್ಲವೇ ಪಕ್ಕದಲ್ಲಿ ರೇಡಿಯೋ ಹಚ್ಚಿಡುತ್ತಾರೆ, ಗದ್ದಲದಲ್ಲೂ ಗಮನ ನಿಲ್ಲಬೇಕಲ್ಲ. ಪತ್ರಿಕೆಯ ಒಂದು ಅಂಕಣದಲ್ಲಿರುವ 'ರ' ಅಕ್ಷರಗಳನ್ನೆಲ್ಲ ಹುಡುಕಿ ಗೆರೆ ಹೊಡೆಯುವುದೂ ಇದೇ ಜಾತಿಯದು. ಕ್ರಮ ಹಾಕಿಕೊಡುವುದು ಮನಶ್ಶಾಸ್ತ್ರಜ್ಞರ ಕೆಲಸ, ದಿನಾ ಪಕ್ಕದಲ್ಲಿ ಕೂರುವುದು ಮನೆಯವರದು. ಅಲ್ಲಿ ಗದರುವ ದನಿ ಬಂದರೆ ತರಬೇತಿ ಆ ದಿನಕ್ಕೆ ಮುಗಿದಂತೆ.

ಬಿರುಸಿನ ನಡಿಗೆ, ಸೈಕಲ್ಲು, ಬ್ಯಾಡ್ಮಿಂಟನ್ ಹೀಗೆ ಉಸಿರು ಏರಿಸುವ ವ್ಯಾಯಾಮದಿಂದ ನೆನಪು, ಗಮನ ಸ್ವಲ್ಪ ಸುಧಾರಿಸುತ್ತದೆ ಎಂಬುದಕ್ಕೂ ಆಧಾರವಿದೆ. ಯೋಗದಿಂದ ಮುಖಭಾವ ಗುರುತಿಸುವ ಶಕ್ತಿ ಹೆಚ್ಚಿದ್ದನ್ನು ನಿಮ್ಹಾನ್ಸ್ ಅಧ್ಯಯನ ತೋರಿಸಿದೆ. ಮಾತ್ರೆಯಿಂದ ತೂಕ ಏರುವವರಿಗಂತೂ ವ್ಯಾಯಾಮ ಹೇಗೂ ಬೇಕಾದದ್ದು.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮೂರಿದ್ದರೆ ಚೀಟಿ ಬರೆದುಕೊಡಿ, ಇನ್ನೂ ಒಳ್ಳೆಯದೆಂದರೆ ಅವನ ಕೈಯಲ್ಲೇ ಬರೆಸಿ. ಮಾತ್ರೆಗೂ ಏಳುವುದಕ್ಕೂ ಫೋನಿನ ಅಲಾರ್ಮ್ ಇರಲಿ. "ನೆನಪಿದೆಯಾ, ಹೇಳು ನೋಡೋಣ" ಎಂದು ನೆಂಟರ ಮುಂದೆ ಪರೀಕ್ಷೆ ಮಾಡುವುದನ್ನು ಬಿಟ್ಟುಬಿಡಿ.

ಕಾಲೇಜಿನ ವಿಷಯದಲ್ಲಿ ಮನೆಯವರು ಎರಡು ತುದಿಗೆ ಹೋಗುತ್ತಾರೆ. ಒಂದೋ ಪೂರ್ತಿ ಬಿಡಿಸುತ್ತಾರೆ, ಇಲ್ಲವೇ ಆಸ್ಪತ್ರೆಯಿಂದ ಬಂದ ಹದಿನೈದನೇ ದಿನಕ್ಕೆ ಎಲ್ಲ ವಿಷಯದ ಪರೀಕ್ಷೆಗೂ ಕೂರಿಸುತ್ತಾರೆ. ನಡುವಿನ ದಾರಿಗಳಿವೆ. ಒಂದು ಸೆಮಿಸ್ಟರ್ ಅಧಿಕೃತವಾಗಿ ರಜೆ ಪಡೆದು ಸೀಟು ಉಳಿಸಿಕೊಳ್ಳಬಹುದೇ ಎಂದು ಮೊದಲು ಕೇಳಿ. ಮರಳಿದಾಗ ಎರಡೋ ಮೂರೋ ವಿಷಯದಿಂದ ಶುರುಮಾಡಲಿ. ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೇಳಿ, ಆಗ ಬರೆದುಕೊಳ್ಳುವ ಧಾವಂತ ತಪ್ಪುತ್ತದೆ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವುದಕ್ಕೂ ಅವಕಾಶವಿದೆ, ಇದು ಬಹಳ ಮಂದಿಗೆ ಗೊತ್ತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಒಳಗೊಂಡಿದೆ. ಶೇ 40 ಅಥವಾ ಹೆಚ್ಚಿನ ಪ್ರಮಾಣದ ವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ ಮೂರು ಗಂಟೆಯ ಪರೀಕ್ಷೆಯಲ್ಲಿ ಕನಿಷ್ಠ ಒಂದು ಗಂಟೆ ಹೆಚ್ಚು ಕೊಡಬಹುದೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ವಿಷಯ ಗೊತ್ತಿದ್ದೂ ಬರೆಯಲು ಹೊತ್ತು ಸಾಲದ ಹುಡುಗನಿಗೆ ಪಾಸು ಫೇಲಿನ ವ್ಯತ್ಯಾಸ ಆ ಒಂದು ಗಂಟೆಯಲ್ಲೇ ಇರುತ್ತದೆ. ಪ್ರಮಾಣಪತ್ರ ಮಾಡಿಸಿದರೆ ಮುಂದೆ ಮದುವೆಗೆ ತೊಡಕು ಎಂದು ಹೆದರುವವರಿದ್ದಾರೆ. ಹೆದರಿಕೆ ಸುಳ್ಳಲ್ಲ, ನಮ್ಮ ಸಮಾಜ ಹಾಗಿದೆ. ಮಾಡಿಸುವುದು ಬಿಡುವುದು ಮನೆಯವರೂ ಮಗನೂ ಕೂತು ತೀರ್ಮಾನಿಸಬೇಕಾದದ್ದು. ಹತ್ತಿರದಲ್ಲಿ ಮನೋವೈದ್ಯರು ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಿ ವಿಚಾರಿಸಬಹುದು.

ಪ್ರಮಾಣಪತ್ರಕ್ಕೆ ಹೋಗುವುದಾದರೆ ಒಂದು ಸಿದ್ಧತೆ ಬೇಕು. ಅಲ್ಲಿ ಅಳೆಯುವುದು ನಾಲ್ಕು ಸಂಗತಿ: ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಕಾಯಿಲೆ ಎಷ್ಟು ವರ್ಷದ್ದು ಎಂಬುದೂ ಸೇರುತ್ತದೆ. ದನಿ ನಿಂತ ಹುಡುಗ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹತ್ತು ನಿಮಿಷ ಕೂತು ಹೆಸರು, ಊರು ಸರಿಯಾಗಿ ಹೇಳಿದರೆ ನೋಡುವವರಿಗೆ ಏನೂ ತೊಂದರೆ ಕಾಣದು. ಚುರುಕು, ನೆನಪು, ಗಮನದ ಪರೀಕ್ಷಾ ವರದಿಯನ್ನೂ, ಕಾಯಿಲೆಗೆ ಮೊದಲಿನ ಮತ್ತು ಆಮೇಲಿನ ಅಂಕಪಟ್ಟಿಗಳನ್ನೂ, ಮೊದಲ ದಿನದಿಂದ ಇಟ್ಟುಕೊಂಡ ಚೀಟಿಗಳನ್ನೂ ಜೆರಾಕ್ಸ್ ಮಾಡಿಸಿ ಫೈಲಿನಲ್ಲಿ ಒಯ್ಯಿರಿ. ಜೊತೆಗೆ ಹೋಗುವವರು ದಿನವಿಡೀ ಅವನೊಂದಿಗೆ ಮನೆಯಲ್ಲಿರುವವರೇ ಆಗಿರಲಿ.